ಮನೆಯಲ್ಲಿ ಕುದುರೆ ಸಾಕುವವರಿಗೆ: ಹಸುವಿನ ಮೇವು ಕುದುರೆಗೆ ಒಗ್ಗದು

ಬೆಂಗಳೂರಿನ ಬಳೇಪೇಟೆ ರೈಲ್ವೆ ನಿಲ್ದಾಣಕ್ಕೆ ಸಮೀಪದಲ್ಲಿರುವ ಹಳೆಯ ಪೇಟೆ. ಆಟೋರಿಕ್ಷಾಗಳು ಹೆಚ್ಚುವ ಮೊದಲು, ರೈಲಿನಿಂದ ಇಳಿದವರನ್ನು ಗಂಟುಮೂಟೆಗಳೊಡನೆ ಪೇಟೆಯ ಬೀದಿಗಳಿಗೆ ಮುಟ್ಟಿಸುತ್ತಿದ್ದುದು ಜಟಕಾ ಬಂಡಿ. ಅದನ್ನು ಎಳೆಯುತ್ತಿದ್ದ ತಟ್ಟುಗಳಿಗೆ ಮೇಯಲು ಬಯಲಿರಲಿಲ್ಲ. ಹುಲ್ಲು, ಹುರುಳಿ ಎರಡನ್ನೂ ಕೊಂಡೇ ತರಬೇಕಾಗಿತ್ತು. ಈಗ ಪ್ರಯಾಣಿಕರ ಜಟಕಾ ಅಲ್ಲಿ ಮರೆಯಾಗಿದೆ. ಆದರೆ ಬಳೆ, ಸೀರೆ, ವಾದ್ಯಗಳನ್ನು ಕೊಳ್ಳಲು ಮದುವೆ ಮನೆಯವರು ಇಂದಿಗೂ ಬಳೇಪೇಟೆಗೆ ಬರುತ್ತಾರೆ, ಮದುವೆಯ ಮೆರವಣಿಗೆಗೆ ಕುದುರೆಯನ್ನೂ ಗೊತ್ತುಮಾಡುತ್ತಾರೆ. ಮೈಸೂರಿನಲ್ಲಿ ಅರಮನೆಯ ಸುತ್ತ ಟಾಂಗಾಗಳು ಇನ್ನೂ ಓಡುತ್ತಿವೆ. ಇಂಥ ದುಡಿಮೆಗೆ ಒಂದೋ ಎರಡೋ ಕುದುರೆಗಳನ್ನು ಮನೆಯಲ್ಲೇ ಕಟ್ಟಿಕೊಂಡವರು ನಗರದಲ್ಲೂ ಇದ್ದಾರೆ, ನಗರದ ಸುತ್ತಲಿನ ಹಳ್ಳಿಗಳಲ್ಲೂ ಇದ್ದಾರೆ.

ನಮ್ಮ ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ 6 ಲಕ್ಷಕ್ಕೂ ಹೆಚ್ಚಿತ್ತು. 2019ರ ಗಣತಿಯಲ್ಲಿ ಅದು ಸುಮಾರು 3.4 ಲಕ್ಷಕ್ಕೆ ಇಳಿಯಿತು. ಕುದುರೆಗಳು ಕಡಿಮೆಯಾದಂತೆ ಅವುಗಳನ್ನು ಸಾಕುವ ಮನೆತನದ ತಿಳಿವಳಿಕೆಯೂ ಕಡಿಮೆಯಾಗುತ್ತಿದೆ. ಹೊಸದಾಗಿ ಕುದುರೆ ತಂದ ರೈತರು ತಮಗೆ ಚೆನ್ನಾಗಿ ಗೊತ್ತಿರುವ ಹಸುವನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಬದುವಿನಲ್ಲಿ ಬೆಳೆದ ಸಂಕರ ನೇಪಿಯರ್ ಹುಲ್ಲನ್ನು ಹೊರೆಗಟ್ಟಲೆ ಹಾಕಿ, ಮೇಲೆ ಎರಡು ಹೊತ್ತು ಬೂಸಾ ಕೊಡುತ್ತಾರೆ. ಹಸು ಇದರಿಂದ ಹಾಲು ಕೊಡುತ್ತದೆ. ಕುದುರೆಯಾದರೋ ಕೆಲವು ತಿಂಗಳಲ್ಲಿ ಕುಂಟತೊಡಗುತ್ತದೆ. ಮೇವಿನ ಬೆಳೆಗಳು ನಮ್ಮ ಬೇಸಾಯ ಶಾಸ್ತ್ರದ ವಿಷಯವಾದ್ದರಿಂದ, ಹೀಗಾಗುವುದಕ್ಕೆ ಕಾರಣವನ್ನೂ ಅದನ್ನು ತಡೆಯುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಕುದುರೆಯ ಹೊಟ್ಟೆಯ ರಚನೆ

ಹಸು ಮೆಲುಕು ಹಾಕುವ ಪ್ರಾಣಿ. ಅದು ತಿಂದ ಮೇವು ಮೊದಲು ದೊಡ್ಡ ಮೆಲುಕು ಚೀಲವನ್ನು ಸೇರುತ್ತದೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಒಡೆದು, ಅನೇಕ ವಿಷವಸ್ತುಗಳನ್ನೂ ನಿರ್ವಿಷಗೊಳಿಸಿ ಮುಂದಕ್ಕೆ ಕಳುಹಿಸುತ್ತವೆ. ಕುದುರೆಗೆ ಇಂಥ ಚೀಲವಿಲ್ಲ. ದೊಡ್ಡ ಕುದುರೆಯ ಜಠರ ಕೂಡ 8 ರಿಂದ 15 ಲೀಟರು ಮಾತ್ರ ಹಿಡಿಯುತ್ತದೆ. ಅದರಲ್ಲಿಯೂ ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇರುವುದು ಕೊನೆಯಲ್ಲಿ, ಅಂದರೆ ಕುರುಡು ಕರುಳು ಮತ್ತು ದೊಡ್ಡ ಕರುಳಿನಲ್ಲಿ. ಮೇವು ಅಲ್ಲಿಗೆ ತಲುಪುವ ಮೊದಲೇ ಸಣ್ಣ ಕರುಳಿನಲ್ಲಿ ಸುಣ್ಣದಂಶ ಮುಂತಾದವು ರಕ್ತಕ್ಕೆ ಸೇರಬೇಕು.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕುದುರೆ ಒಮ್ಮೆಗೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಬಯಲಲ್ಲಿ ಬಿಟ್ಟ ಕುದುರೆ ದಿನದ 16 ಗಂಟೆಯವರೆಗೂ ಮೇಯುತ್ತಿರುತ್ತದೆ. ಎರಡನೆಯದು, ಕುದುರೆ ವಾಂತಿ ಮಾಡಲಾರದು. ತಪ್ಪಾಗಿ ತಿಂದದ್ದನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಮೂರನೆಯದು, ಮೇವಿನಲ್ಲಿರುವ ಕೆಡುಕು ನೇರವಾಗಿ ಸಣ್ಣ ಕರುಳನ್ನು ತಲುಪುತ್ತದೆ. ನೇಪಿಯರಿನ ತೊಂದರೆ ಇರುವುದು ಈ ಮೂರನೆಯದರಲ್ಲಿ.

ನೇಪಿಯರ್ ಮತ್ತು ಬೂಸಾ: ಎರಡು ಕಡೆಯ ಪೆಟ್ಟು

ಸಂಕರ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ವಸ್ತು ಹೆಚ್ಚಾಗಿರುತ್ತದೆ. ಎಳೆಯ ಹುಲ್ಲಿನಲ್ಲಿ, ಮಳೆಯ ನಂತರ ಚಿಗುರಿದ ಎಲೆಗಳಲ್ಲಿ, ಸಾರಜನಕ ಗೊಬ್ಬರ ಧಾರಾಳವಾಗಿ ಕೊಟ್ಟ ತಾಕಿನಲ್ಲಿ ಇನ್ನೂ ಹೆಚ್ಚು. ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದು ಕರಗದ ಲವಣವಾಗಿ ಮಾಡುತ್ತದೆ. ಹಸುವಿನ ಮೆಲುಕು ಚೀಲದ ಸೂಕ್ಷ್ಮಜೀವಿಗಳು ಕ್ರಮೇಣ ಒಗ್ಗಿಕೊಂಡು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆಯಲ್ಲಿ ಅದನ್ನು ಒಡೆಯುವ ಜೀವಿಗಳು ಕೊನೆಯ ಕರುಳಿನಲ್ಲಿರುವುದರಿಂದ, ಸುಣ್ಣದಂಶ ಬಿಡುಗಡೆಯಾಗುವ ಹೊತ್ತಿಗೆ ಅದನ್ನು ಹೀರುವ ಜಾಗ ದಾಟಿಹೋಗಿರುತ್ತದೆ. ಅದು ಲದ್ದಿಯ ಜೊತೆ ಹೊರಬೀಳುತ್ತದೆ.

ಒಂದು ಲೆಕ್ಕ ನೋಡಿ. 200 ಕಿ.ಗ್ರಾಂ. ತೂಕದ ಬೆಳೆದ ತಟ್ಟುವಿಗೆ ದಿನಕ್ಕೆ ಸುಮಾರು 8 ಗ್ರಾಂ ಸುಣ್ಣದಂಶ ಬೇಕು. 10 ಕಿ.ಗ್ರಾಂ. ಹಸಿ ನೇಪಿಯರ್ ಎಂದರೆ ಸುಮಾರು 2 ಕಿ.ಗ್ರಾಂ. ಒಣ ತೂಕ. ಅದರಲ್ಲಿ ಸುಣ್ಣದಂಶ ಶೇಕಡ 0.4ರಂತೆ 8 ಗ್ರಾಂ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಆಕ್ಸಲೇಟ್ ಶೇಕಡ 2.5 ಇದ್ದರೂ ಅದು 50 ಗ್ರಾಂ ಆಗುತ್ತದೆ. ಒಂದು ಗ್ರಾಂ ಸುಣ್ಣದಂಶವನ್ನು ಕಟ್ಟಿಹಾಕಲು ಸುಮಾರು 2.25 ಗ್ರಾಂ ಆಕ್ಸಲೇಟ್ ಸಾಕು. ಎಂದರೆ ಈ 50 ಗ್ರಾಂ ಆಕ್ಸಲೇಟ್ 22 ಗ್ರಾಂ ಸುಣ್ಣದಂಶವನ್ನು ಹಿಡಿಯಬಲ್ಲದು. ಆದುದರಿಂದಲೇ ಕುದುರೆಯ ಮೇವಿನಲ್ಲಿ ಸುಣ್ಣದಂಶವು ಆಕ್ಸಲೇಟಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಅಪಾಯವೆಂದು ಪರಿಗಣಿಸಲಾಗಿದೆ. ಮೇಲಿನ ಲೆಕ್ಕದಲ್ಲಿ ಅದು ಆರನೆಯ ಒಂದು ಭಾಗವೂ ಇಲ್ಲ.

ಇದರ ಮೇಲೆ ಬೂಸಾದ ಪೆಟ್ಟು. ಕುದುರೆಯ ಒಟ್ಟು ಆಹಾರದಲ್ಲಿ ಸುಣ್ಣದಂಶವು ರಂಜಕಕ್ಕಿಂತ ಕಡಿಮೆಯಿರಬಾರದು. ಒಂದೂವರೆಯಿಂದ ಎರಡು ಪಾಲು ಇದ್ದರೆ ಒಳ್ಳೆಯದು. ಗೋಧಿ ಬೂಸಾದಲ್ಲಿ ರಂಜಕವು ಸುಣ್ಣದಂಶದ ಸುಮಾರು ಎಂಟು ಪಾಲು ಇದೆ. ಅಕ್ಕಿ ತೌಡಿನ ಗುಣವೂ ಇದೇ ಬಗೆಯದು. ರಂಜಕ ಹೆಚ್ಚಾದಷ್ಟೂ ಉಳಿದ ಸುಣ್ಣದಂಶ ರಕ್ತಕ್ಕೆ ಸೇರುವುದು ಕಷ್ಟವಾಗುತ್ತದೆ.

ರಕ್ತದಲ್ಲಿ ಸುಣ್ಣದಂಶ ಇಳಿಯಲು ದೇಹ ಬಿಡುವುದಿಲ್ಲ. ಕೊರಳಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಚುರುಕಾಗಿ ಮೂಳೆಯಿಂದ ಸುಣ್ಣವನ್ನು ತೆಗೆದು ರಕ್ತಕ್ಕೆ ಹಾಕುತ್ತವೆ. ಹೀಗಾಗಿ ರಕ್ತ ಪರೀಕ್ಷೆಯಲ್ಲಿ ಕೊರತೆ ಕಾಣದೆಯೂ ಇರಬಹುದು. ಮೂಳೆ ಮಾತ್ರ ಒಳಗಿಂದೊಳಗೆ ಟೊಳ್ಳಾಗುತ್ತದೆ.

ಗಮನಿಸಬೇಕಾದ ಚಿಹ್ನೆಗಳು

ಇಂಥ ಮೇವು ಆರಂಭಿಸಿದ ಎರಡು ತಿಂಗಳಿನಿಂದ ಎಂಟು ತಿಂಗಳೊಳಗೆ ಚಿಹ್ನೆಗಳು ತೋರುವುದುಂಟು.

1. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುವುದು. ನಡಿಗೆ ಬಿರುಸಾಗಿ ಹೆಜ್ಜೆ ಗಿಡ್ಡದಾಗುವುದು.
2. ಬಂಡಿಗೆ ಕಟ್ಟಿದಾಗ, ಸವಾರರು ಹತ್ತಿದಾಗ ಹಿಂಜರಿಯುವುದು.
3. ಮೇವನ್ನು ಅಗಿಯಲು ತಡಮಾಡುವುದು, ಅರ್ಧ ಅಗಿದು ಉಗುಳುವುದು, ಹಲ್ಲು ಸಡಿಲವಾಗುವುದು.
4. ಮೇವು ತಿಂದರೂ ಸೊರಗುವುದು.
5. ಕೊನೆಗೆ ಕಣ್ಣಿನ ಕೆಳಗೆ, ಮುಖದ ಎರಡೂ ಬದಿಯ ಮೂಳೆ ಊದಿಕೊಳ್ಳುವುದು.

ಮೊದಲ ಎರಡು ಚಿಹ್ನೆಗಳನ್ನು ಕಂಡಾಗ ಅನೇಕರು ಕುದುರೆ ಸೋಮಾರಿಯಾಯಿತೆಂದು ಚಾವಟಿ ಎತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮೇವಿನ ಗೊಂತನ್ನು ನೋಡಿ. ಆರಂಭದಲ್ಲೇ ಮೇವು ಬದಲಿಸಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಸುಣ್ಣದಂಶ ಕೊಟ್ಟರೆ ಕುಂಟು ಬಹುಮಟ್ಟಿಗೆ ಗುಣವಾಗುತ್ತದೆ. ಊದಿದ ಮುಖದ ಮೂಳೆ ಮಾತ್ರ ಮೊದಲಿನಂತೆ ಆಗುವುದು ಅಪರೂಪ.

ಕುದುರೆಗೆ ಬೆಳೆಯಬೇಕಾದ ಮೇವು

ಹಸುವಿಗಾಗಿ ಬೆಳೆದ ನೇಪಿಯರನ್ನು ಕೀಳಬೇಕಾಗಿಲ್ಲ. ಅದು ಹಸುವಿಗಿರಲಿ. ಕುದುರೆಗಾಗಿ ಬೇರೆ ನಾಲ್ಕು ಗುಂಟೆ ಮೀಸಲಿಡಿ.

ಲೂಸರ್ನ್: ಇದಕ್ಕೆ ಕನ್ನಡದಲ್ಲಿ ಕುದುರೆಮೆಂತೆ, ಕುದುರೆಮಸಾಲೆ ಎಂಬ ಹೆಸರುಗಳಿರುವುದನ್ನು ಗಮನಿಸಿ. ಒಣ ತೂಕದಲ್ಲಿ ಸುಣ್ಣದಂಶ ಸುಮಾರು ಶೇಕಡ 1.4 ಇರುತ್ತದೆ. ದಿನಕ್ಕೆ 5 ಕಿ.ಗ್ರಾಂ. ಹಸಿ ಸೊಪ್ಪು ಕೊಟ್ಟರೆ 14 ಗ್ರಾಂ ಸುಣ್ಣದಂಶ ದೊರೆಯುತ್ತದೆ. ಅದರಲ್ಲಿ ಸ್ವಲ್ಪ ಭಾಗ ದಕ್ಕದೆ ಹೋದರೂ ತಟ್ಟುವಿನ ಅಗತ್ಯ ಪೂರೈಸುತ್ತದೆ. ನೀರು ಬಸಿದುಹೋಗುವ ಭೂಮಿ ಬೇಕು, ಹುಳಿ ಮಣ್ಣು ಆಗದು. ಎಕರೆಗೆ 8 ರಿಂದ 10 ಕಿ.ಗ್ರಾಂ. ಬೀಜವನ್ನು ರೈಜೋಬಿಯಂ ಅಣುಜೀವಿ ಗೊಬ್ಬರದಿಂದ ಉಪಚರಿಸಿ, 25 ರಿಂದ 30 ಸೆಂ.ಮೀ. ಅಂತರದ ಸಾಲುಗಳಲ್ಲಿ ಬಿತ್ತಿ. ಬೀಜದಲ್ಲಿ ಕಸ್ಕ್ಯುಟ ಎಂಬ ಪರಾವಲಂಬಿ ಕಳೆಯ ಬೀಜ ಬೆರೆತಿರದಂತೆ ನೋಡಿಕೊಳ್ಳಿ. ಮೊದಲ ಕಟಾವು 60 ರಿಂದ 70 ದಿನಕ್ಕೆ, ಅನಂತರ 25 ರಿಂದ 30 ದಿನಕ್ಕೊಮ್ಮೆ. ನೀರಾವರಿಯಲ್ಲಿ ಒಂದು ಗುಂಟೆಯಿಂದ ವರ್ಷಕ್ಕೆ 600 ಕಿ.ಗ್ರಾಂ.ಗೆ ಕಡಿಮೆಯಿಲ್ಲದಂತೆ ಹಸಿ ಮೇವು ತೆಗೆಯಬಹುದು. ಒಂದು ತಟ್ಟುವಿಗೆ 3 ರಿಂದ 4 ಗುಂಟೆ ಸಾಕು.

ರೋಡ್ಸ್ ಹುಲ್ಲು ಮತ್ತು ಗರಿಕೆ: ಇವೆರಡರಲ್ಲೂ ಆಕ್ಸಲೇಟ್ ಕಡಿಮೆ. ರೋಡ್ಸ್ ಹುಲ್ಲಿನ ಕಾಂಡ ಸಣ್ಣದಾದ್ದರಿಂದ ಬೇಗ ಒಣಗಿ ಒಳ್ಳೆಯ ಒಣಹುಲ್ಲಾಗುತ್ತದೆ. ಬೀಜ ಅತಿ ಸಣ್ಣದು. 1 ಸೆಂ.ಮೀ.ಗಿಂತ ಆಳಕ್ಕೆ ಬೀಳಬಾರದು. ನಗರದ ಹತ್ತಿರ ಭೂಮಿಯುಳ್ಳ ರೈತರು ಹೂ ಬಿಡುವ ಹೊತ್ತಿಗೆ ಕೊಯ್ದು, ಬಿಸಿಲಿನಲ್ಲಿ ತಿರುವಿ ಒಣಗಿಸಿ ಕಟ್ಟು ಕಟ್ಟಿದರೆ ಕುದುರೆ ಸಾಕುವವರಿಗೆ ಮಾರಬಹುದು.

ರಾಗಿ ಹುಲ್ಲು: ದಕ್ಷಿಣ ಕರ್ನಾಟಕದ ಮನೆಮನೆಯ ಮೇವು. ಕುದುರೆಗೆ ಭತ್ತದ ಹುಲ್ಲಿಗಿಂತ ಇದೇ ಮೇಲು. ಭತ್ತದ ಹುಲ್ಲಿನಲ್ಲಿ ಸಿಲಿಕವೂ ಆಕ್ಸಲೇಟೂ ಹೆಚ್ಚು. ಆದರೆ ರಾಗಿ ಹುಲ್ಲನ್ನೇ ಹೊಟ್ಟೆ ತುಂಬ ಹಾಕಿ ನೀರು ಕಡಿಮೆ ಕೊಟ್ಟರೆ ಕರುಳಿನಲ್ಲಿ ಕಟ್ಟಿಕೊಂಡು ಶೂಲೆ ಬರುತ್ತದೆ. ಹಸಿರು ಮೇವಿನ ಜೊತೆ ಕೊಡಿ. ಬೂಷ್ಟು ಹಿಡಿದ ಅಥವಾ ದೂಳಿನ ಹುಲ್ಲು ಬೇಡವೇ ಬೇಡ.

ಹಸಿ ಜೋಳದ ಮೇವನ್ನು ಕುದುರೆಗೆ ಹಾಕದಿರುವುದು ಲೇಸು. ಸತತವಾಗಿ ತಿಂದ ಕುದುರೆಗಳಲ್ಲಿ ಹಿಂಗಾಲುಗಳ ಸ್ವಾಧೀನ ತಪ್ಪಿ ಮೂತ್ರ ಸೋರುವ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಬೇರೆ ಗತಿಯಿಲ್ಲದೆ ನೇಪಿಯರ್ ಹಾಕಲೇಬೇಕಾದರೆ ಒಟ್ಟು ಮೇವಿನ ಕಾಲು ಭಾಗ ಮೀರದಂತೆ, ಲೂಸರ್ನ್ ಜೊತೆಯಲ್ಲೇ ಕೊಡಿ. ಕೊಳಚೆ ನೀರು ಸೇರುವ ಕೆರೆಯಂಗಳದ ಹುಲ್ಲು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.

ದಾಣಿ: ಹುರುಳಿಗೆ ಇಂಗ್ಲಿಷಿನಲ್ಲಿ ಹಾರ್ಸ್ ಗ್ರಾಂ ಎಂಬ ಹೆಸರು ಬಂದದ್ದೇ ಕುದುರೆಯಿಂದ. ಇದರಲ್ಲಿ ಸುಣ್ಣದಂಶವೂ ರಂಜಕವೂ ಹೆಚ್ಚುಕಡಿಮೆ ಸಮ. ಬೇಯಿಸಿ, ಆರಿಸಿ ಕೊಡಿ. ಬಹುತೇಕ ಧಾನ್ಯಗಳಲ್ಲಿ ರಂಜಕವೇ ಹೆಚ್ಚಾಗಿದ್ದರೆ, ರಾಗಿಯಲ್ಲಿ ಸುಣ್ಣದಂಶ ಹೆಚ್ಚು: 100 ಗ್ರಾಂ ಕಾಳಿನಲ್ಲಿ ಸುಮಾರು 340 ಮಿಲಿಗ್ರಾಂ. ಆದ್ದರಿಂದ ಬೂಸಾದ ಬದಲು ಹುರುಳಿಯ ಜೊತೆ ಸ್ವಲ್ಪ ರಾಗಿ ನುಚ್ಚು ಬೆರೆಸುವುದು ಜಾಣತನ.

ತೂಕ ನೋಡಿ ಮೇವು ಕೊಡಿ

ತೂಕದ ಯಂತ್ರವಿಲ್ಲದಿದ್ದರೂ ದರ್ಜಿಯ ಟೇಪಿನಿಂದ ತೂಕ ತಿಳಿಯಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಉದಾಹರಣೆಗೆ ಸುತ್ತಳತೆ 140, ಉದ್ದ 120 ಇದ್ದರೆ ತೂಕ ಸುಮಾರು 198 ಕಿ.ಗ್ರಾಂ. ತಿಂಗಳಿಗೊಮ್ಮೆ ಅಳೆದು ಬರೆದಿಡಿ.

ಒಣ ಲೆಕ್ಕದಲ್ಲಿ ದಿನದ ಮೇವು ದೇಹತೂಕದ ಸುಮಾರು ಶೇಕಡ 2 ಇರಬೇಕು. 200 ಕಿ.ಗ್ರಾಂ. ತೂಕದ, ಹಗುರ ಕೆಲಸ ಮಾಡುವ ತಟ್ಟುವಿಗೆ ದಿನದ ಪಡಿ ಹೀಗಿರಲಿ:

ರೋಡ್ಸ್ ಅಥವಾ ಗರಿಕೆಯ ಒಣಹುಲ್ಲು, ರಾಗಿ ಹುಲ್ಲು ಸೇರಿ: 3 ಕಿ.ಗ್ರಾಂ.
ಹಸಿ ಲೂಸರ್ನ್: 5 ಕಿ.ಗ್ರಾಂ.
ಹುರುಳಿ ಮತ್ತು ರಾಗಿ (ಬೇಯಿಸುವ ಮುನ್ನ): 400 ಗ್ರಾಂ, ಎರಡು ಹೊತ್ತಿಗೆ ಹಂಚಿ
ಅಡಿಗೆ ಉಪ್ಪು: 20 ಗ್ರಾಂ. ಬೆವರುವ ದಿನ ಅದರ ಎರಡರಷ್ಟು
ನೀರು: ವಿಶ್ರಾಂತಿಯ ದಿನ 10 ಲೀಟರಿಗೆ ಕಡಿಮೆಯಿಲ್ಲದಂತೆ. ದುಡಿದ ದಿನ, ಬಿಸಿಲಿನಲ್ಲಿ 20 ಲೀಟರು ಅಥವಾ ಹೆಚ್ಚು

ಮೇವು ಬದಲಿಸುವುದಾದರೆ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಇಂದಿನ ಮೇವನ್ನು ನಾಳೆಯೇ ನಿಲ್ಲಿಸಿದರೆ ಕರುಳಿನ ಸೂಕ್ಷ್ಮಜೀವಿಗಳು ಏರುಪೇರಾಗಿ ಶೂಲೆ ಬರಬಹುದು.

ದಿನದಿನದ ಕೆಲಸ

ಬೆಳಿಗ್ಗೆ ಮೊದಲು ನೀರು, ಆಮೇಲೆ ಹುಲ್ಲು, ಕೊನೆಗೆ ದಾಣಿ. ದಿನದ ಹುಲ್ಲನ್ನು ನಾಲ್ಕು ಪಾಲು ಮಾಡಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಹಾಕಿ. ರಾತ್ರಿಯ ಪಾಲು ಎಲ್ಲಕ್ಕಿಂತ ದೊಡ್ಡದಿರಲಿ. ಬೆಳಗಿನವರೆಗೆ ಖಾಲಿ ಹೊಟ್ಟೆಯಲ್ಲಿ ನಿಂತ ಕುದುರೆಗೆ ಜಠರದಲ್ಲಿ ಹುಣ್ಣಾಗುತ್ತದೆ.

ಪೇಟೆಯಂಥ ಇಕ್ಕಟ್ಟಿನಲ್ಲಿ ಲದ್ದಿಯದೇ ದೊಡ್ಡ ಸಮಸ್ಯೆ. ಒಂದು ತಟ್ಟು ಲದ್ದಿ, ಗಂಜಲ ಸೇರಿ ದಿನಕ್ಕೆ ಸುಮಾರು 10 ಕಿ.ಗ್ರಾಂ. ಹಾಕುತ್ತದೆ. ಎರಡು ಹೊತ್ತೂ ಎತ್ತಿ ಹಾಕದಿದ್ದರೆ ನೊಣ ಹೆಚ್ಚುತ್ತದೆ, ಹಸಿ ನೆಲದಲ್ಲಿ ನಿಂತ ಗೊರಸು ಕೊಳೆಯುತ್ತದೆ. ಊರಿನ ಹೊರಗಿನ ರೈತರು ಇದನ್ನು ಒಯ್ದು ಕಾಂಪೋಸ್ಟ್ ಮಾಡಿದರೆ ಹೂ, ತರಕಾರಿ ತೋಟಗಳಿಗೆ ಉತ್ತಮ ಗೊಬ್ಬರ. ಮೇವು ತಂದು ಹಾಕುವ ಗಾಡಿ ಗೊಬ್ಬರ ತುಂಬಿಕೊಂಡು ಹಿಂತಿರುಗಲಿ.

ಗೊರಸಿನ ಅಡಿಯನ್ನು ದಿನವೂ ಕೆದಕಿ ಕಲ್ಲು, ಮೊಳೆ ತೆಗೆಯಿರಿ. 6 ರಿಂದ 8 ವಾರಕ್ಕೊಮ್ಮೆ ಗೊರಸು ಸವರಿಸಿ ಲಾಳ ಬದಲಿಸಿ. ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚುಗಳನ್ನು ಉಜ್ಜಿಸಿ. ಧನುರ್ವಾಯುವಿನ ಲಸಿಕೆ ತಪ್ಪಿಸಬೇಡಿ. ಕುದುರೆ ಈ ರೋಗಕ್ಕೆ ಬಹು ಸುಲಭವಾಗಿ ತುತ್ತಾಗುತ್ತದೆ.

ದುಡಿಸುವ ವಿಷಯದಲ್ಲಿ 1965ರ ಕೇಂದ್ರ ನಿಯಮಗಳನ್ನು ತಿಳಿದಿರಬೇಕು. ಅವುಗಳ ಪ್ರಕಾರ ದುಡಿಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟಿದ ಪ್ರದೇಶದಲ್ಲಿ ಮಧ್ಯಾಹ್ನ 12 ರಿಂದ 3ರವರೆಗೆ ಕಟ್ಟುವಂತಿಲ್ಲ. ಮುಳ್ಳಿನ ಕಡಿವಾಣವೂ ನಿಷಿದ್ಧ.

ಕುದುರೆಯ ಹತ್ತಿರ ಸುಳಿಯಬಾರದವು

ಮದುವೆ ಮನೆಯ ಮುಂದೆ ನಿಂತ ಕುದುರೆಗೆ ಪ್ರೀತಿಯಿಂದ ಅನ್ನ, ಲಾಡು, ಬೂಂದಿ ತಿನ್ನಿಸುವವರುಂಟು. ಅನ್ನ ಸಿಹಿಗಳು ಒಮ್ಮೆಗೇ ಹೆಚ್ಚಾಗಿ ದೊಡ್ಡ ಕರುಳು ತಲುಪಿದರೆ ಹುಳಿಯೆದ್ದು ಶೂಲೆ ಬರುತ್ತದೆ, ಇಲ್ಲವೇ ಗೊರಸಿನ ಒಳಪೊರೆ ಉರಿಯೂತಗೊಂಡು ಕುದುರೆ ಹೆಜ್ಜೆ ಎತ್ತಲಾರದಾಗುತ್ತದೆ. ಕೈ ಮುಗಿದು ಬೇಡವೆನ್ನಿ.

ಹಿತ್ತಲಿನ ಕಣಗಿಲೆ ಗಿಡ ಕುದುರೆಗೆ ಪ್ರಾಣಾಂತಿಕ. ಪೂಜೆಗೆ ತಂದ ಕಣಗಿಲೆ ಹೂವು, ಒಣಗಿದ ಎಲೆ, ಬಾಡಿದ ಹಾರಗಳ ರಾಶಿಯನ್ನು ಲಾಯದ ಬಳಿ ಎಸೆಯಬೇಡಿ. ಬೆಣ್ಣೆಹಣ್ಣಿನ ಎಲೆಯೂ ವಿಷ. ಹರಳು ಹಿಂಡಿಯನ್ನು ದಾಸ್ತಾನು ಮಾಡಿದ ಕೋಣೆಯಲ್ಲಿ ಕುದುರೆಯ ದಾಣಿ ಇಡಬಾರದು. ಕೋಳಿಯ ಆಹಾರದಲ್ಲಿಯೂ ಕೆಲವು ಪಶು ಆಹಾರಗಳಲ್ಲಿಯೂ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡಿ ಕೊಲ್ಲುತ್ತದೆ. ಆದ್ದರಿಂದ ಹಸುವಿನ, ಕೋಳಿಯ ಆಹಾರದ ಚೀಲಕ್ಕೆ ಕುದುರೆ ಬಾಯಿ ಹಾಕದಂತೆ ಎಚ್ಚರ ವಹಿಸಿ.

ವೈದ್ಯರನ್ನು ಕರೆಯಬೇಕಾದ ಹೊತ್ತು

ಆರೋಗ್ಯವಂತ ಕುದುರೆಯ ದೇಹದ ಉಷ್ಣತೆ 99 ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28 ರಿಂದ 44, ಉಸಿರು 8 ರಿಂದ 16. ನಿಮ್ಮ ಕುದುರೆ ಚೆನ್ನಾಗಿರುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಿ. ಮೇವು ಬಿಡುವುದು, ಹಿಂತಿರುಗಿ ಹೊಟ್ಟೆ ನೋಡಿಕೊಳ್ಳುವುದು, ನೆಲ ಕೆರೆಯುವುದು, ಮತ್ತೆ ಮತ್ತೆ ಮಲಗಿ ಹೊರಳುವುದು, ಲದ್ದಿ ನಿಲ್ಲುವುದು ಹೊಟ್ಟೆಶೂಲೆಯ ಚಿಹ್ನೆಗಳು. ಎಣ್ಣೆ, ಕಷಾಯ ಹೊಯ್ಯುತ್ತಾ ಕೂರಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಮೇವು ತೆಗೆದು, ಕೂಡಲೇ ವೈದ್ಯರನ್ನು ಕರೆಯಿರಿ. ಬೆಂಗಳೂರಿನ ಸುತ್ತಲಿನವರು 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಸಲಹೆಯನ್ನೂ ಪಡೆಯಬಹುದು.

ಮೂಗಿನಿಂದ ಅಂಟಾದ ಕೀವು ಸೋರಿ, ಚರ್ಮದ ಮೇಲೆ ಗಂಟುಗಳೆದ್ದು ಒಡೆಯುತ್ತಿದ್ದರೆ ಗ್ಲ್ಯಾಂಡರ್ಸ್ ಆಗಿರಬಹುದು. ಇದು ಮನುಷ್ಯರಿಗೂ ಅಂಟುವ ರೋಗ. ಕುದುರೆಯನ್ನು ಬೇರ್ಪಡಿಸಿ ಪಶುಪಾಲನಾ ಇಲಾಖೆಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ.

ಕುದುರೆ ಕೊಳ್ಳುವ ಮುನ್ನ

ಮನೆಯಲ್ಲಿ ಕುದುರೆ ಕಟ್ಟಬೇಕೆನ್ನುವವರು ಮೊದಲು ನಾಲ್ಕು ಗುಂಟೆಯಲ್ಲಿ ಲೂಸರ್ನ್ ಬಿತ್ತಿ, ಮೊದಲ ಕಟಾವು ಕೈಗೆ ಬಂದ ಮೇಲೆ ಕುದುರೆ ತನ್ನಿ. ಭೂಮಿಯಿಲ್ಲದ ನಗರದವರು ವರ್ಷದ ಒಣಹುಲ್ಲಿಗೂ ಸೊಪ್ಪಿಗೂ ಒಬ್ಬ ರೈತರೊಡನೆ ಮೊದಲೇ ಮಾತಾಡಿಕೊಳ್ಳಿ. ಈಗಾಗಲೇ ಕುದುರೆ ಇರುವವರು ಇಂದು ಸಂಜೆಯೇ ಗೊಂತಿನಲ್ಲಿರುವ ಹುಲ್ಲು ಯಾವುದೆಂದು ನೋಡಿ. ಅದು ನೇಪಿಯರ್ ಆಗಿದ್ದು ಪಕ್ಕದಲ್ಲಿ ಬೂಸಾದ ಬಾನಿಯೂ ಇದ್ದರೆ, ಬದಲಾವಣೆಯ ಹತ್ತು ದಿನಗಳ ಎಣಿಕೆಯನ್ನು ನಾಳೆಯಿಂದಲೇ ಆರಂಭಿಸಿ. ಕುದುರೆಯ ದುಡಿಮೆಯಿಂದ ನಡೆಯುವ ಮನೆಗೆ ಅದರ ನಾಲ್ಕು ಕಾಲುಗಳೇ ಆಸ್ತಿ. ಆ ಕಾಲಿನ ಮೂಳೆ ಗಟ್ಟಿಯಾಗುವುದೂ ಟೊಳ್ಳಾಗುವುದೂ ನೀವು ಬೆಳೆದು ಹಾಕುವ ಮೇವಿನಲ್ಲಿದೆ.